ಊರೆಲ್ಲರ ಪರವಾಗಿ ಉಗುಳಿದ ಬೆಬಿಯಾನಾ

“ನನ್ನ ಮೈಯಲ್ಲಿ ಹರೀತಿರೋದು ಕ್ಯಾಪ್ಟನ್ ಲೊರೆನ್ಸೊನ ರಕ್ತ ಕಣ್ರೋ! ಜ್ವರ ನಮ್ಮನೆ ಬಾಗಿಲಿಗೆ ಬಂದ್ರೆ ಟೋಪಿ ತೆಗೆದು, ‘ತಪ್ಪಾಯ್ತು ತಾಯಿ, ಪಕ್ಕದ ಮನೆ ಹುಡುಕ್ತಿದ್ದೆ’ ಅಂತ ಹೇಳಿ ಹೋಗುತ್ತೆ.”

ಹೀಗೆನ್ನುತ್ತಿದ್ದವಳು ಬೆಬಿಯಾನಾ. ಆ ಪಕ್ಕದ ಮನೆ ನನ್ನದು.

ನಾವು ಚಿಕ್ಕವರಾಗಿದ್ದಾಗ, ಆಫ್ರಿಕಾದ ಆಚೆ ಅಟ್ಲಾಂಟಿಕ್ ಕಡಲಲ್ಲಿರುವ ನಮ್ಮ ಸಾಂತಿಯಾಗೊ ದ್ವೀಪಕ್ಕೆ ವರ್ಷಕ್ಕೆ ನಾಲ್ಕು ಹನಿ ಮಳೆ ಬೀಳುತ್ತಿತ್ತು. ಆ ನಾಲ್ಕು ಹನಿಯಲ್ಲೇ ಸೊಳ್ಳೆಗಳು ಸಂಸಾರ ಹೂಡಿ, ಮಕ್ಕಳನ್ನು ಓದಿಸಿ, ಕೆಲಸಕ್ಕೆಂದು ನನ್ನ ಮೈಮೇಲೆ ಕಳಿಸುತ್ತಿದ್ದವು. ನಾನು ಕಂಬಳಿ ಹೊದ್ದು ನಡುಗುತ್ತ ಕೂತರೆ, ನನ್ನ ಹಲ್ಲು ಕಟಕಟಿಸುವ ತಾಳಕ್ಕೆ ಓಣಿಯ ಹುಡುಗಿಯರು ಸೊಂಟಕ್ಕೆ ಬಟ್ಟೆ ಬಿಗಿದು ಬತೂಕು ಕುಣಿಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕುಣಿದವಳು ಬೆಬಿಯಾನಾ. ಆಮೇಲೆ ಅವಳ ಮಗಳಿಗೆ ಚರ್ಚಿನಲ್ಲಿ ನೀರು ಮುಟ್ಟಿಸುವಾಗ ಧರ್ಮತಂದೆಯಾಗಿ ನಿಂತವನು ನಾನೇ. ಅಂದಿನಿಂದ ನಾನು ಅವಳಿಗೆ ಕುಂಪಾದ್ರಿ, ಅವಳು ನನಗೆ ಕುಮಾದ್ರಿ. ಈ ನಂಟು ಹೆಂಡತಿಯ ನಂಟಿಗಿಂತ ಗಟ್ಟಿ. ಬಿಡಿಸಿಕೊಳ್ಳಲು ಪೋಪನ ಕೈಯಲ್ಲೂ ಆಗದು.

ಬೆಬಿಯಾನಾ ಮೀನು ಮಾರುವವಳು. ತಲೆಯ ಮೇಲೆ ಕೊಳಗದಷ್ಟು ದೊಡ್ಡ ಬೋಗುಣಿ, ಅದರ ತುಂಬ ಮೀನು. ನಮ್ಮ ಊರು ರಿಬೇರಾ ಮೊರ್ನಾದ ಕಡಲ ದಂಡೆಯಿಂದ ಹೊರಟು ಗುಡ್ಡದ ಮೇಲಿನ ಊರುಗಳವರೆಗೂ ಹತ್ತಿ ಹೋಗುತ್ತಿದ್ದಳು. ಅವಳು ದಂಡೆಯಲ್ಲಿ ನಿಂತು “ಪೇಶೀ ಫ್ರೆಸ್ಕು, ತಾಜಾ ಮೀನು!” ಎಂದು ಕೂಗಿದರೆ ಗುಡ್ಡದ ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ಅವಳು ಹತ್ತಿ ಬರುವ ಹೊತ್ತಿಗೆ ಎಣ್ಣೆ ಕಾದಿರುತ್ತಿತ್ತು. ಗಂಡ ವಲೇರಿಯು ಮದುವೆಯಾದ ವರ್ಷವೇ ಹಡಗು ಹತ್ತಿ ರೋಟರ್‌ಡ್ಯಾಮ್ ಸೇರಿದ. ದುಡಿಯಲು ಹೋದನೆಂದು ಅವಳು ಹೇಳುತ್ತಾಳೆ. ಕಿವಿಗೆ ವಿಶ್ರಾಂತಿ ಬೇಕಿತ್ತೆಂದು ಊರು ಹೇಳುತ್ತದೆ.

ಇನ್ನು ಕ್ಯಾಪ್ಟನ್. ಐನೂರು ವರ್ಷದ ಹಿಂದೆ ಪೋರ್ಚುಗಲ್‌ನಿಂದ ಬಂದವನಂತೆ. ನಲವತ್ತು ಕಡಲ್ಗಳ್ಳರನ್ನು ಒಂದೇ ಕತ್ತಿಯಲ್ಲಿ, ಅದೂ ಎಡಗೈಯಲ್ಲಿ, ಊಟದ ಮಧ್ಯೆ ಎದ್ದು ಹೋಗಿ ಮುಗಿಸಿದವನಂತೆ. ಸಾಕ್ಷಿಗೆ ಅವಳ ಬಳಿ ಎರಡು ವಸ್ತುಗಳಿದ್ದವು. ಒಂದು, ಅವಳ ಕಣ್ಣು: ಎಡಗಣ್ಣು ಜೇನಿನ ಬಣ್ಣ, ಬಲಗಣ್ಣು ಆ ಗೋಜಿಗೇ ಹೋಗಿರಲಿಲ್ಲ. ಎರಡು, ಕ್ಯಾಪ್ಟನ್ನನ ಕೋಟಿನದೆಂದು ಹೇಳುವ ಒಂದು ಹಿತ್ತಾಳೆ ಗುಂಡಿ. ಅದನ್ನು ಒಮ್ಮೆ ಮೇಕೆ ನುಂಗಿತು. ಗುಂಡಿ ಹೊರಬರುವ ತನಕ ಆ ಮೇಕೆ ಎದೆ ಸೆಟೆಸಿ ನಡೆಯುತ್ತಿತ್ತು, ಬೇರೆ ಮೇಕೆಗಳು ದಾರಿ ಬಿಡುತ್ತಿದ್ದವು. ನಾನು ಕಣ್ಣಾರೆ ನೋಡಿದ್ದೇನೆ.

ಈ ಕ್ಯಾಪ್ಟನ್ನನಿಂದ ಯಾರಿಗೂ ತೊಂದರೆ ಇರಲಿಲ್ಲ, ಮೊಮ್ಮಗಳು ಇಸಿಲ್ದಾ ಪ್ರೀತಿಯಲ್ಲಿ ಬೀಳುವ ತನಕ.

ಇಸಿಲ್ದಾಳನ್ನು ಸಾಕಿದ್ದು ಅಜ್ಜಿಯೇ. ಹುಡುಗಿ ಬಿದ್ದದ್ದು ಆರ್ಲಿಂದುವಿನ ವ್ಯಾನಿನಲ್ಲಿ. ಅಂದರೆ ಪ್ರೀತಿಯಲ್ಲಿ, ಜಾರಿ ಬೀಳಲು ಆ ವ್ಯಾನಿನಲ್ಲಿ ಜಾಗವೇ ಇರುತ್ತಿರಲಿಲ್ಲ. ಹದಿನಾಲ್ಕು ಜನ ಕೂರುವಲ್ಲಿ ಮೂವತ್ತು ಜನ, ಎರಡು ಹಂದಿ, ಒಂದು ಮಂಚ, ಆ ಮಂಚದ ಮೇಲೆ ಕಾಯಿಲೆಯವನೊಬ್ಬ. ಅಷ್ಟನ್ನೂ ಹೊತ್ತು ಆರ್ಲಿಂದು ಗುಡ್ಡದಿಂದ ಪ್ರಾಯಾ ಪೇಟೆಗೆ ದಿನಾ ಓಡಿಸುತ್ತಿದ್ದ. ಒಳ್ಳೆಯ ಹುಡುಗ. ತಪ್ಪೊಂದೇ: ಅವನ ಊರು ಲಾಪಾ, ಗುಡ್ಡದ ನೆತ್ತಿಯ ಮೇಲಿನದು. ಹಿಂದೆ ಯಜಮಾನರಿಂದ ತಪ್ಪಿಸಿಕೊಂಡ ಗುಲಾಮರು ಹತ್ತಿ ಕೂತ ಊರು ಅದು.

ಹೆಣ್ಣು ಕೇಳಲು ಅವನ ಅಜ್ಜಿ ನ್ಯಾ ಕ್ರಿಸ್ಪಿನಾ ಬಂದಳು. ನಮ್ಮಲ್ಲಿ ವಯಸ್ಸಾದ ಹೆಂಗಸಿಗೆ ‘ನ್ಯಾ’, ಗಂಡಸಿಗೆ ‘ನ್ಯೋ’ ಎನ್ನಬೇಕು. ಕ್ರಿಸ್ಪಿನಾಳಿಗೆ ಎರಡು ಸಲ ಅಂದರೂ ಕಡಿಮೆ. ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ಕಬ್ಬಿನ ಸಾರಾಯಿಯ ಬಾಟಲಿ. ನಾನು ಬೇಲಿಯ ಬಳಿ ಕಳೆ ಕೀಳುವವನಂತೆ ನಿಂತೆ. ಅಲ್ಲಿ ಕಳೆ ಇರಲಿಲ್ಲ.

“ಒಳಗೆ ಕರೀತೀಯೋ, ಇಲ್ಲ ಕ್ಯಾಪ್ಟನ್ನನ ಅಪ್ಪಣೆ ಆಗ್ಬೇಕೋ?” ಎಂದಳು ಕ್ರಿಸ್ಪಿನಾ.

“ಬಾ ನ್ಯಾ ಕ್ರಿಸ್ಪಿನಾ, ಬಾ. ಅಷ್ಟು ದೂರ ಇಳಿದು ಬಂದಿದ್ದೀಯ, ಕಾಲು ಸೋತಿರುತ್ತೆ. ನಾಲಿಗೆ ಮಾತ್ರ ವ್ಯಾನಲ್ಲಿ ಬಂದ ಹಾಗಿದೆ.”

“ಹುಡುಗಂಗೆ ನಿನ್ನ ಹುಡುಗಿ ಬೇಕಂತೆ. ನನಗೇನೂ ಬೇಕಾಗಿಲ್ಲ. ಆದ್ರೆ ಅವನು ಊಟ ಬಿಟ್ಟಿದ್ದಾನೆ, ಅದಕ್ಕೆ ಬಂದೆ.”

“ಹುಡುಗ ಒಳ್ಳೆಯವನೇ. ಇಲ್ಲ ಅಂತೀನಾ? ಆದ್ರೆ ಐನೂರು ವರ್ಷದಿಂದ ಕಾಪಾಡ್ಕೊಂಡು ಬಂದಿರೋ ರಕ್ತ ಇದು. ನಮ್ಮ ವಂಶಕ್ಕೆ ಜ್ವರದ ಭಯ ಇಲ್ಲ. ಇದಕ್ಕೆ ಗುಡ್ಡದ ನೀರು ಬೆರೆಸಿ, ನಾಳೆ ಹುಟ್ಟೋ ಕೂಸು ಜ್ವರದಲ್ಲಿ ಮಲಗಿದ್ರೆ ಯಾರು ಹೊಣೆ? ನೀನಾ?”

“ನಮ್ಮೂರಲ್ಲೂ ಯಾರೂ ಜ್ವರದಲ್ಲಿ ಮಲಗಿಲ್ಲ ಕಣೇ!”

“ನಿಮ್ಮೂರು ಹತ್ತೋಷ್ಟರಲ್ಲಿ ಸೊಳ್ಳೆಗೇ ಉಬ್ಬಸ ಬರುತ್ತೆ. ಅದೂ ಒಂದು ಹೆಚ್ಚುಗಾರಿಕೆನಾ?”

ಕ್ರಿಸ್ಪಿನಾ ಎದ್ದಳು. ಕೋಳಿಯನ್ನೂ ಬಾಟಲಿಯನ್ನೂ ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ, “ಕೋಳಿ ಕೊಟ್ಟು ಹೋಗೋಣ ಅಂತಿದ್ದೆ. ಪಾಪ, ಅದಕ್ಕೂ ಮರ್ಯಾದೆ ಇದೆ,” ಎಂದು ಹೇಳಿ ಗುಡ್ಡ ಹತ್ತಿದಳು.

ನಮ್ಮ ದ್ವೀಪದಲ್ಲಿ ಹಿರಿಯರು ಒಪ್ಪದಿದ್ದರೆ ಹುಡುಗಿ ಒಂದು ಸಂಜೆ ಬಟ್ಟೆ ಗಂಟು ಕಟ್ಟಿಕೊಂಡು ಹುಡುಗನ ಮನೆಗೆ ನಡೆದುಬಿಡುವುದುಂಟು. ತಿಂಗಳೊಪ್ಪತ್ತು ಅತ್ತು, ಬೈದು, ಎಲ್ಲರೂ ಒಂದಾಗುತ್ತಾರೆ. ಇಸಿಲ್ದಾ ಹಾಗೆ ಮಾಡಲಿಲ್ಲ. “ಕದ್ದು ಹೋಗೋಕೆ ನಾನೇನು ಮೀನು ಕದ್ದ ಬೆಕ್ಕಾ? ನೀನು ಆಶೀರ್ವಾದ ಮಾಡಿ ಮುಂಬಾಗಿಲಿಂದ ಕಳಿಸಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಮುದುಕಿ ಆಗ್ತೀನಿ,” ಎಂದಳು. ಅಷ್ಟೇ ಅಲ್ಲ, ದಿನಾ ಬೆಳಿಗ್ಗೆ ಎದ್ದು ಅಜ್ಜಿಯ ಮುಂದೆ ಅಂಗೈ ಚಾಚಿ ಆಶೀರ್ವಾದ ಕೇಳುತ್ತಿದ್ದವಳು, ಕೇಳುವುದನ್ನೇ ನಿಲ್ಲಿಸಿದಳು. ಹುಟ್ಟಿ ಮಾತು ಕಲಿತಂದಿನಿಂದ ಒಂದು ದಿನವೂ ತಪ್ಪದ ಕೈ ಅದು. ಬೆಬಿಯಾನಾ ಬೆಳಿಗ್ಗೆ ಎದ್ದು ಸುಮ್ಮನೆ ಆ ಜಾಗದಲ್ಲಿ ನಿಲ್ಲುತ್ತಿದ್ದಳು. ಹುಡುಗಿ ಪಕ್ಕದಿಂದ ಹಾದು ನೀರಿಗೆ ಹೋಗುತ್ತಿದ್ದಳು.

ಹೀಗಿರುವಾಗ ಪ್ರಾಯಾದಿಂದ ಒಬ್ಬಳು ಡಾಕ್ಟರು ಬಂದಳು. ಹೆಸರು ನಿಲ್ಡಾ. ನಮ್ಮ ದ್ವೀಪದವಳೇ, ಹೊರದೇಶದಲ್ಲಿ ಓದಿ ಬಂದವಳು. ಭಾನುವಾರ ಪೂಜೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಎಲ್ಲರನ್ನೂ ಕೂರಿಸಿ ಹೇಳಿದಳು: “ನಮ್ಮ ಪೂರ್ವಿಕರಲ್ಲಿ ಯಾರು ಯಾವ ಕಡೆಯಿಂದ ಬಂದವರು, ಯಾರಿಂದ ನಮಗೆ ಏನು ಸಿಕ್ಕಿದೆ, ಜ್ವರ ಕೆಲವರಿಗೆ ಯಾಕೆ ಬರಲ್ಲ, ಇದನ್ನೆಲ್ಲ ನೋಡಬಹುದು. ಸೂಜಿ ಚುಚ್ಚಲ್ಲ. ಈ ಕೊಳವೆಯಲ್ಲಿ ಒಂದಿಷ್ಟು ಉಗುಳಿ ಕೊಟ್ರೆ ಸಾಕು. ನಾಳೆ ಬೆಳಿಗ್ಗೆ, ಏನೂ ತಿನ್ನೋಕೆ ಮುಂಚೆ.”

ಬೆಬಿಯಾನಾ ಎದ್ದು ನಿಂತಳು. ಲಾಪಾದಿಂದ ಪೂಜೆಗೆ ಬಂದಿದ್ದ ಕ್ರಿಸ್ಪಿನಾ ಅಲ್ಲೇ ಮುಂದಿನ ಕಲ್ಲಿನ ಮೇಲೆ ಕೂತಿದ್ದಳು.

“ದೊತೋರಾ, ನನಗೆ ಹುಟ್ಟಿದಾಗಿನಿಂದ ಜ್ವರ ಬಂದಿಲ್ಲ. ಅದು ಯಾರು ಕೊಟ್ಟದ್ದು ಅಂತ ನಿನ್ನ ಯಂತ್ರ ಹೇಳುತ್ತಾ?”

“ಹೇಳಬಹುದು ನ್ಯಾ ಬೆಬಿಯಾನಾ.”

“ಎಲ್ಲರೂ ಕೇಳ್ರಪ್ಪ! ಇದು ಕ್ಯಾಪ್ಟನ್ನನಿಂದ ಬಂದದ್ದಲ್ಲ ಅಂತ ಆ ಯಂತ್ರ ಹೇಳಲಿ, ನನ್ನ ಮೊಮ್ಮಗಳನ್ನ ಲಾಪಾದ ಹುಡುಗಂಗೆ ನಾನೇ ಕೈಹಿಡಿದು ಕೊಡ್ತೀನಿ. ಕ್ಯಾಪ್ಟನ್ನನಿಂದ ಬಂದದ್ದು ಅಂತ ಹೇಳಿದ್ರೆ, ಗುಡ್ಡದವರು ಮತ್ತೆ ಈ ಮಾತು ಎತ್ತಬಾರದು.”

“ಆಗ್ಲಿ,” ಎಂದಳು ಕ್ರಿಸ್ಪಿನಾ ಕೂತಲ್ಲಿಂದಲೇ. “ಎತ್ತಲ್ಲ.”

ಇಸಿಲ್ದಾಳ ಮುಖ ಬಿಳಿಚಿಕೊಂಡಿತು. ಅವಳ ಮದುವೆ ಈಗ ಅಜ್ಜಿಯ ಎಂಜಲಿನಲ್ಲಿತ್ತು.

ಆದರೆ ಊರಿಗೆ ಬೇರೆಯದೇ ಚಿಂತೆ. ನಮ್ಮಲ್ಲಿ ಎಂಜಲನ್ನು ಯಾರ ಕೈಗೂ ಕೊಡುವುದಿಲ್ಲ. ಉಗುಳಿದರೆ ಮಕ್ಕಳು ಸಹ ಕಾಲಲ್ಲಿ ಮಣ್ಣು ಎಳೆದು ಮುಚ್ಚುತ್ತಾರೆ. ಕೂದಲು, ಉಗುರು, ಎಂಜಲು ಮಾಟಗಾತಿಯ ಕೈಗೆ ಸಿಕ್ಕರೆ ಮುಗಿಯಿತು. ಡಾಕ್ಟರು ಮಾಟಗಾತಿಯಲ್ಲ ನಿಜ; ಆದರೆ ಆ ಕೊಳವೆಗಳು ಎಷ್ಟು ಕಡಲು ದಾಟುತ್ತವೋ, ಅಲ್ಲಿ ಯಾವ ಅತ್ತೆ ಕೂತಿರುತ್ತಾಳೋ ಯಾರು ಬಲ್ಲರು? ಬೇಡ ಎನ್ನೋಣವೆಂದರೆ ಓದಿದ ಹುಡುಗಿ, ನಮ್ಮವಳೇ, ಬೇಜಾರು ಮಾಡಿಕೊಂಡಾಳು.

ಮರುದಿನ ಬೆಳಕು ಹರಿಯುವಾಗ ಬೆಬಿಯಾನಾಳ ಹಿತ್ತಿಲಲ್ಲಿ ಸಾಲು ನಿಂತಿತ್ತು. ಜ್ವರ ಮುಟ್ಟದವಳನ್ನು ಮಾಟ ಮುಟ್ಟೀತೇ? ಒಬ್ಬೊಬ್ಬರ ಕೈಯಲ್ಲೂ ತಮ್ಮ ತಮ್ಮ ಹೆಸರಿನ ಖಾಲಿ ಕೊಳವೆ.

“ಕುಮಾದ್ರಿ, ನನ್ನದೂ ಒಂಚೂರು,” ಎಂದೆ ನಾನು.

“ಸಾಲಲ್ಲಿ ನಿಲ್ಲು ಕುಂಪಾದ್ರಿ! ಇದೇನು ನಿನ್ನ ಅಪ್ಪನ ಬಾವಿಯಾ?”

ಉಗುಳಿದಳು, ಉಗುಳಿದಳು, ಉಗುಳುತ್ತಲೇ ಇದ್ದಳು. ಬಾಯಿ ಒಣಗಿದಾಗ ನಾವು ಅವಳೆದುರು ನಿಂಬೆಹಣ್ಣು ಹಿಂಡಿ ತೋರಿಸಿದೆವು. ತಿನ್ನಬಾರದೆಂದು ಡಾಕ್ಟರು ಹೇಳಿದ್ದಳು, ನೋಡಬಾರದೆಂದು ಹೇಳಿರಲಿಲ್ಲ. ಅದೂ ಸಾಲದಾದಾಗ ಯಾರೋ ಒಣಮೀನು ಹುರಿದು ವಾಸನೆ ತೋರಿಸಿದರು. ಆಗ ಬಂದ ಪ್ರವಾಹದಲ್ಲಿ ಎಂಟು ಸಂಸಾರಗಳ ಕೊಳವೆ ತುಂಬಿದವು. ಕೊನೆಯಲ್ಲಿ ಪಾದ್ರಿಗಳ ಆಳು ಒಂದು ಕೊಳವೆಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಬಂದ. ಪಾದ್ರಿಗಳು ಮಾಟವನ್ನು ನಂಬುವುದಿಲ್ಲ. ಸುಮ್ಮನೆ ಕೆಲಸದ ಒತ್ತಡವಂತೆ.

ಡಾಕ್ಟರು ಎಲ್ಲರ ಕೊಳವೆಯನ್ನೂ ಸಂತೋಷದಿಂದ ತುಂಬಿಕೊಂಡು ಹೋದಳು. ಇಷ್ಟು ಸಹಕಾರ ಕೊಟ್ಟ ಊರು ಬೇರೊಂದಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡಳು.

ಮಳೆ ಬಂತು, ಹೋಯಿತು. ಆರ್ಲಿಂದು ವ್ಯಾನನ್ನು ನಮ್ಮೂರಲ್ಲಿ ಎಷ್ಟು ಮೆಲ್ಲಗೆ ಓಡಿಸುತ್ತಿದ್ದನೆಂದರೆ ಆಮೆಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಇಸಿಲ್ದಾ ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು. ಬೆಬಿಯಾನಾ ಅದನ್ನು ತುಟಿಪಿಟಕ್ಕೆನ್ನದೆ ತಿಂದಳು. ಅವಳು ಮಾತಿಲ್ಲದೆ ತಿಂದದ್ದನ್ನು ನಾನು ಕಂಡದ್ದು ಜೀವಮಾನದಲ್ಲಿ ಆಗ ಮಾತ್ರ.

ಡಾಕ್ಟರು ಮತ್ತೆ ಬಂದಾಗ ಮುಖ ನಗುತ್ತಿರಲಿಲ್ಲ. ಅದೇ ಹುಣಸೆಮರ, ಅದೇ ಜನ, ಕ್ರಿಸ್ಪಿನಾಳ ಪಕ್ಕದಲ್ಲಿ ಈ ಸಲ ಆರ್ಲಿಂದು.

“ಮೊದಲು ಒಂದು ಮಾತು ಕೇಳ್ತೀನಿ,” ಎಂದಳು ಡಾಕ್ಟರು. “ನಿಮ್ಮೂರಿಂದ ನಲವತ್ತು ಚಿಲ್ಲರೆ ಜನರ ಎಂಜಲು ತಗೊಂಡು ಹೋದೆ. ಯಂತ್ರ ಹೇಳುತ್ತೆ, ಅಷ್ಟೂ ಜನ ಒಬ್ಬರೇ ಅಂತ.”

ಊರೆಲ್ಲ ತನ್ನ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡಿತು.

“ಒಬ್ಬ ಹೆಂಗಸು.” ನನ್ನ ಕಡೆ ತಿರುಗಿದಳು. “ನೀವೂ ಹೆಂಗಸು, ನ್ಯೋ. ಪಾದ್ರಿಗಳೂ ಹೆಂಗಸು.”

ಪಾದ್ರಿಗಳಿಗೆ ಆ ಕ್ಷಣದಲ್ಲೇ ಚರ್ಚಿನೊಳಗೆ ಏನೋ ಕೆಲಸ ನೆನಪಾಯಿತು.

“ಬೈಬೇಡ ಮಗಾ,” ಎಂದಳು ಬೆಬಿಯಾನಾ. “ಪಾಪ, ಹೆದರಿದ್ರು. ನಾನೇ ಎಲ್ಲರಿಗೂ ಒಂದಿಷ್ಟು ಕೊಟ್ಟೆ. ನನಗೇನು ಕಮ್ಮಿ ಆಯ್ತು? ಅದಿರಲಿ, ಜ್ವರದ ವಿಷಯ ಹೇಳು.”

ಡಾಕ್ಟರು ನಿಟ್ಟುಸಿರು ಬಿಟ್ಟು ಕಲ್ಲಿನ ಮೇಲೆ ಕೂತಳು. “ಸರಿ. ನಮ್ಮೆಲ್ಲರ ಮೈಯಲ್ಲೂ ಎರಡು ಕಡೆಯವರು ಬೆರೆತಿದ್ದಾರೆ. ಆಫ್ರಿಕಾದಿಂದ ಸೆರೆಯಾಗಿ ಬಂದವರು ಒಂದು ಕಡೆ, ಅವರನ್ನ ಹಿಡಿದವರು ಇನ್ನೊಂದು ಕಡೆ. ಒಂದು ದೊಡ್ಡ ಮಡಕೆ ಕಾಶೂಪ ಬೇಯಿಸಿದ ಹಾಗೆ ಅಂದ್ಕೊಳ್ಳಿ. ಜೋಳ ಒಬ್ಬರದು, ಕಾಳು ಇನ್ನೊಬ್ಬರದು. ಐನೂರು ವರ್ಷ ಸೌಟು ಹಾಕಿ ತಿರುವಿದ್ದೀವಿ. ಈಗ ಮಡಕೆಯ ಯಾವ ಮೂಲೆಯಿಂದ ಬಡಿಸಿದ್ರೂ ಜೋಳ, ಕಾಳು ಎರಡೂ ಹೆಚ್ಚೂಕಮ್ಮಿ ಅದೇ ಅಳತೆಯಲ್ಲಿ ಬರಬೇಕು. ಹೌದೋ ಅಲ್ವೋ?”

“ಸರಿಯಾಗಿ ತಿರುವಿದ್ರೆ ಬರಬೇಕು,” ಎಂದಳು ಬೆಬಿಯಾನಾ.

“ಬೇರೆ ಬೇರೆ ಊರಿನ ನೂರಾರು ಜನರ ಎಂಜಲು ನೋಡಿದ್ವಿ. ಪುಣ್ಯಕ್ಕೆ ಅಲ್ಲಿನವರು ತಮ್ಮದನ್ನೇ ಕೊಟ್ಟಿದ್ರು. ಅವರ ಮೈಯಲ್ಲಿ ಬರೆದಿರೋದನ್ನ ಜಾಗಜಾಗವಾಗಿ ಓದ್ತಾ ಹೋದ್ವಿ. ಎಲ್ಲ ಕಡೆ ಅದೇ ಅಳತೆ. ಒಂದು ಜಾಗದಲ್ಲಿ ಮಾತ್ರ ಸೌಟು ಹಾಕಿದ್ರೆ ಬರೀ ಜೋಳ, ಜೋಳ, ಜೋಳ. ಕಾಳು ಹುಡುಕಬೇಕು.”

“ಹಾಗಾದ್ರೆ ಯಾರೋ ಕಾಳನ್ನ ಆರಿಸಿ ತಿಂದಿದ್ದಾರೆ,” ಎಂದಳು ಬೆಬಿಯಾನಾ ತಟ್ಟನೆ.

“ಹೌದು. ತಿಂದದ್ದು ಜ್ವರ.”

ಜನ ಮುಂದೆ ಬಾಗಿದರು.

“ಜ್ವರದಲ್ಲಿ ಒಂದು ಬಗೆ ಇದೆ. ಅದರ ಹುಳ ನಮ್ಮ ರಕ್ತಕಣದೊಳಗೆ ನುಗ್ಗೋಕೆ ಒಂದು ಬಾಗಿಲು ಬೇಕು. ಆ ಜಾಗದಲ್ಲಿ ಜೋಳ ಇದ್ದವರಿಗೆ ಬಾಗಿಲಿಗೆ ಮೊಳೆ ಹೊಡೆದಿರುತ್ತೆ. ಕಾಳು ಇದ್ದವರಿಗೆ ತೆಗೆದೇ ಇರುತ್ತೆ. ಬಾಗಿಲು ತೆಗೆದಿದ್ದ ಮಕ್ಕಳು ಹೆಚ್ಚು ಸತ್ತರು, ಮೊಳೆ ಹೊಡೆದಿದ್ದವರು ಬದುಕಿ ಮಕ್ಕಳು ಮೊಮ್ಮಕ್ಕಳನ್ನ ಕಂಡರು. ಇದೇನು ಆದಾಮನ ಕಾಲದ್ದಲ್ಲ. ಎರಡು ಕಡೆಯವರು ಬೆರೆತ ಮೇಲೆ, ಇದೇ ದ್ವೀಪದಲ್ಲಿ, ನಿಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಲ್ಲಿ ಆದದ್ದು. ನಿಮ್ಮಲ್ಲೂ ಆ ಜಾಗದಲ್ಲಿ ಜೋಳವೇ ಇದೆ ನ್ಯಾ ಬೆಬಿಯಾನಾ, ಎರಡು ಮೊಳೆ. ಇನ್ನೊಂದು ಬಗೆಯ ಜ್ವರ ಇದಕ್ಕೆಲ್ಲ ಬಗ್ಗಲ್ಲ. ಅದು ಬರದೇ ಇದ್ದದ್ದು ನಿಮ್ಮ ಅದೃಷ್ಟ.”

“ಸುತ್ತಿ ಬಳಸಬೇಡ. ಜೋಳ ಅಂದ್ರೆ ಯಾವ ಕಡೆಯವರು?”

ಡಾಕ್ಟರು ನೆಲ ನೋಡಿದಳು. “ಆಫ್ರಿಕಾದಿಂದ ಸೆರೆಯಾಗಿ ಬಂದವರು.”

ಇಸಿಲ್ದಾ ಕಣ್ಣು ಮುಚ್ಚಿದಳು. ಆರ್ಲಿಂದು ಎದ್ದು ನಿಂತು, ನಿಂತದ್ದು ಹೆಚ್ಚಾಯಿತೇನೋ ಎಂದು ಮತ್ತೆ ಕೂತ.

“ಯಂತ್ರ ತಪ್ಪು ಓದಿರಬಹುದು,” ಎಂದಳು ಬೆಬಿಯಾನಾ. ದನಿ ಮಾತ್ರ ದಂಡೆಯ ದನಿಯಾಗಿರಲಿಲ್ಲ.

“ಒಬ್ಬರದನ್ನ ಒಂದು ಸಲ ಓದಿದ್ರೆ ತಪ್ಪಬಹುದು. ನಿಮ್ಮದನ್ನ ನಲವತ್ತು ಚಿಲ್ಲರೆ ಸಲ ಓದಿದ್ದೀವಿ. ಇಡೀ ಅಟ್ಲಾಂಟಿಕ್ ಕಡಲಲ್ಲಿ ನಿಮ್ಮಷ್ಟು ಖಚಿತವಾದವರು ಇನ್ನೊಬ್ಬರಿಲ್ಲ.”

ಯಾರೋ ಕಿಸಕ್ಕೆಂದರು. ನಾನಲ್ಲ. ನನ್ನ ಪಕ್ಕದವನೂ ಹಾಗೇ ಹೇಳಿದ.

“ಕ್ಯಾಪ್ಟನ್ ಇದ್ದಾನೋ ಇಲ್ವೋ, ಅದನ್ನಾದ್ರೂ ಹೇಳು.”

“ಆ ಕಡೆಯವರು ಯಾರೋ ಇದ್ದಾರೆ. ಕ್ಯಾಪ್ಟನ್ನೋ, ಹಡಗಿನ ಅಡುಗೆಯವನೋ, ಎಂಜಲು ಹೇಳಲ್ಲ.”

ಬೆಬಿಯಾನಾ ನಾನು ಎಂದೂ ಕೇಳದ ಮೆಲ್ಲನೆಯ ದನಿಯಲ್ಲಿ ಕೇಳಿದಳು: “ನನಗೆ ಇಬ್ಬರು ತಮ್ಮಂದಿರಿದ್ರು. ಹಸಿವಿನ ವರ್ಷದಲ್ಲಿ ಹೋದ್ರು, ಜ್ವರ ಹತ್ತಿ. ಇಬ್ಬರಿಗೂ ಎರಡು ಕಣ್ಣೂ ಜೇನಿನ ಬಣ್ಣ. ನಮ್ಮಮ್ಮ ಅವರನ್ನ ‘ನನ್ನ ಪುಟ್ಟ ಕ್ಯಾಪ್ಟನ್’ ಅಂತಿದ್ಲು. ಅದೇ ಅಮ್ಮ, ಅದೇ ಅಪ್ಪ. ನನಗಿದ್ದದ್ದು ಅವರಿಗೆ ಯಾಕಿರಲಿಲ್ಲ?”

“ಮೊಳೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಬರಬೇಕು ನ್ಯಾ. ನಿಮಗೆ ಎರಡೂ ಬಂತು. ಅವರಿಗೆ ಬಂದಿರಲಿಕ್ಕಿಲ್ಲ. ಈಗ ಖಚಿತವಾಗಿ ಹೇಳೋಕೆ ಆಗಲ್ಲ.”

“ಓ,” ಎಂದಳು. ಹುಣಸೆಮರದಲ್ಲಿ ಗಾಳಿ ಆಡಿತು. ಬೆಬಿಯಾನಾ ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯಿಂದ ಜೇನಿನ ಬಣ್ಣದ ಕಣ್ಣೊಂದನ್ನೇ ಒರೆಸಿಕೊಂಡಳು.

ಕ್ರಿಸ್ಪಿನಾ ಅಷ್ಟು ಹೊತ್ತು ತಡೆದಿದ್ದೇ ದೊಡ್ಡದು. “ಏನಮ್ಮಾ ಕ್ಯಾಪ್ಟನ್ ಮೊಮ್ಮಗಳೇ? ಗುಡ್ಡದ ನೀರು ನಿನ್ನ ಮನೆ ಮಡಕೆಯಲ್ಲೇ ಇತ್ತಂತಲ್ಲ! ಕೊಟ್ಟ ಮಾತು ನೆನಪಿದ್ಯೋ, ಅದನ್ನೂ ನಲವತ್ತು ಸಲ ಓದಿಸ್ಬೇಕೋ?”

“ಮಾತು ನೆನಪಿದೆ. ಹುಡುಗಿ ನಿನ್ನ ಹುಡುಗನದೇ. ಆದ್ರೆ ನಮ್ಮ ಕ್ಯಾಪ್ಟನ್ನನ್ನ ದಡ್ಡ ಅನ್ಬೇಡ. ತನ್ನಲ್ಲಿ ಇಲ್ಲದ್ದು ಎಲ್ಲಿದೆ ಅಂತ ನೋಡಿ, ಅಲ್ಲೇ ಸಂಬಂಧ ಬೆಳೆಸಿದ.”

“ಸಂಬಂಧ ಬೆಳೆಸಿದ್ನಂತೆ!” ಕ್ರಿಸ್ಪಿನಾ ಊರಿಗೆಲ್ಲ ಕೇಳುವಂತೆ ನಕ್ಕಳು. “ಅವನು ಆ ಹೆಣ್ಣನ್ನ ಸಂತೆಯಲ್ಲಿ ಕೊಂಡ ಕಣೇ, ಮೇಕೆ ಕೊಂಡ ಹಾಗೆ.”

ಬೆಬಿಯಾನಾ ಎದ್ದಳು. ತಲೆಯ ಮೇಲೆ ಬೋಗುಣಿ ಇಲ್ಲದಿದ್ದರೂ ಇರುವಂತೆಯೇ ಕತ್ತು ನೆಟ್ಟಗೆ ಮಾಡಿ ಕ್ರಿಸ್ಪಿನಾಳ ಮುಂದೆ ಬಂದು ನಿಂತಳು.

“ಕೊಂಡ. ಈಗ ಕೊಂಡವನೆಲ್ಲಿ? ಅವನ ಗೋರಿ ಎಲ್ಲಿದೆ ಅಂತ ಅವನ ದೇಶದವರಿಗೂ ಗೊತ್ತಿಲ್ಲ. ಅವನು ಕೊಂಡ ಹೆಣ್ಣು ಮಾತ್ರ ಜ್ವರಾನೂ ದಾಟಿ, ಹಸಿವನ್ನೂ ದಾಟಿ ಬಂದು, ಇಗೋ, ನಿನ್ನ ಮೊಮ್ಮಗನಿಗೆ ಹೆಣ್ಣು ಕೊಡೋಕೆ ನಿಂತಿದ್ದಾಳೆ. ಎದ್ದೇಳು ಕ್ರಿಸ್ಪಿನಾ, ಕೋಳಿ ತಂದು ಇನ್ನೊಂದು ಸಲ ಸರಿಯಾಗಿ ಕೇಳು. ಹೋದ ಸಲ ನೀನು ಕೇಳಿದ್ದು ಕ್ಯಾಪ್ಟನ್ನನ ಮೊಮ್ಮಗಳನ್ನ. ಈ ಸಲ ಅವನು ಕೊಂಡ ಆ ಹೆಣ್ಣಿನ ಮೊಮ್ಮಗಳನ್ನ ಕೇಳು.”